ಮುಯ್ಯಿ ಪೆಟ್ಟಿಗೆ ಸೇರಿದ ಲಿನನ್

ಭಯ ಎಂದರೆ ಏನು ಎಂದು ಯಾರಾದರೂ ಕೇಳಿದರೆ, ಕಬ್ಬಿಣದ ಬೀರುವಿನ ಬಾಗಿಲು ತೆರೆಯುವ ಸದ್ದು ಎನ್ನುತ್ತೇನೆ. ನಾನು ಕಡೂರಿನಲ್ಲಿ ಪತ್ರಿಕೆಯೊಂದರ ವರದಿಗಾರ. ಅಂಜಬೇಕಾದ ಜಾಗಗಳಿಗೆಲ್ಲ ಕೆಲಸದ ಮೇಲೆ ಹೋಗಿದ್ದೇನೆ. ಚಿರತೆ ಬಂದಿದೆ ಎಂದು ಜನ ಓಡಿ ಬರುತ್ತಿದ್ದ ಹೊಲದ ಕಡೆಗೆ ನಾನು ಎದುರು ದಿಕ್ಕಿನಲ್ಲಿ ನಡೆದಿದ್ದೇನೆ. ಚುನಾವಣೆಯಲ್ಲಿ ಸೋತವರ ಮನೆಗೆ ಅಂದು ಸಂಜೆಯೇ ಹೋಗಿ, ಸೋಲಿಗೆ ಕಾರಣವೇನು ಎಂದು ಕೇಳಿದ್ದೇನೆ. ಆಗೆಲ್ಲ ಎದೆ ಬಡಿತ ಏರಿದ್ದು ನೆನಪಿಲ್ಲ. ಆದರೆ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನನ್ನ ಹೆಂಡತಿ ಗಿರಿಜಾ ಕೈ ಒರೆಸಿಕೊಂಡು, ಮಾತಿಲ್ಲದೆ ಒಳಕೋಣೆಗೆ ಹೋಗಿ ಬೀರುವಿನ ಹಿಡಿ ತಿರುಗಿಸಿದಳೆಂದರೆ ನನ್ನ ಅಂಗೈ ಬೆವರುತ್ತದೆ. ಆ ಬೀರುವಿನಲ್ಲಿ ನನ್ನ ಅಂಗಿಗಳಿವೆ. ನನ್ನವು ಎಂದು ನಾನು ಒಪ್ಪಿಕೊಂಡವೂ ಇವೆ, ಇನ್ನೂ ಒಪ್ಪಿಕೊಳ್ಳದವೂ ಇವೆ.

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ಬಾಟಲಿಯ ಚಟ. ನನ್ನದು ಅಂಗಿಯ ಚಟ. ಇದಕ್ಕೆ ನನ್ನ ವೃತ್ತಿಯೇ ಕಾರಣ ಎಂದು ನಾನು ವಾದಿಸುತ್ತ ಬಂದಿದ್ದೇನೆ. ವರದಿಗಾರನ ಕೆಲಸದಲ್ಲಿ ಬರೆಯುವುದು ಕಡಿಮೆ, ಕಾಯುವುದು ಹೆಚ್ಚು. ಸಭೆ ಶುರುವಾಗುವುದಕ್ಕೆ ಕಾಯಬೇಕು, ಮುಗಿಯುವುದಕ್ಕೆ ಕಾಯಬೇಕು, ಗಣ್ಯರ ಕಾರಿಗೆ ಕಾಯಬೇಕು. ಯಾವ ಊರಿನಲ್ಲಿ ಕಾದರೂ ಎದುರಿಗೆ ಒಂದು ಬಟ್ಟೆ ಅಂಗಡಿ ಇರುತ್ತದೆ. ಒಳಗೆ ಫ್ಯಾನು ತಿರುಗುತ್ತಿರುತ್ತದೆ. ಸುಮ್ಮನೆ ಕೂರಲು ಹೋದವನು ಸುಮ್ಮನೆ ಎದ್ದು ಬರುವುದು ಹೇಗೆ? ಇದರಲ್ಲಿ ಇನ್ನೊಂದು ವಿಚಿತ್ರವಿದೆ. ನಾನು ಕೊಳ್ಳುವುದೆಲ್ಲ ನೀಲಿ. ತಿಳಿ ನೀಲಿ, ಬೂದು ನೀಲಿ, ಮೋಡ ಕವಿದ ನೀಲಿ. ನನಗೆ ಅವು ಬೇರೆ ಬೇರೆ ಅಂಗಿಗಳು. ಊರಿನವರಿಗೆ ಮಾತ್ರ ಅದೇ ಅಂಗಿ. ಸಿಂಗಟಗೆರೆಯ ಪರಿಚಯದವರೊಬ್ಬರು ಒಮ್ಮೆ ಬಸ್ ನಿಲ್ದಾಣದಲ್ಲಿ ನನ್ನ ಹೆಗಲು ಮುಟ್ಟಿ, "ಸಾರ್, ತಪ್ಪು ತಿಳ್ಕಬ್ಯಾಡಿ, ಪೇಪರ್‌ನೋರು ಸಂಬ್ಳ ಸರಿಯಾಗಿ ಕೊಡ್ತಾರೋ ಇಲ್ವೋ? ಯಾವಾಗ್ ನೋಡುದ್ರೂ ಇದೊಂದೇ ಅಂಗೀಲಿ ಇರ್ತೀರಿ" ಎಂದು ಮರುಗಿದ್ದರು. ಅದನ್ನು ಮನೆಯಲ್ಲಿ ಹೇಳಿದಾಗ ಗಿರಿಜಾ ನಗಲಿಲ್ಲ. "ನಿಮ್ಗಿರೋದು ಅಂಗಿ ಹುಚ್ಚಲ್ಲ. ಒಂದೇ ಅಂಗೀನ ಮತ್ತೆ ಮತ್ತೆ ತಗೊಳ್ಳೋ ಹುಚ್ಚು" ಎಂದಳು.

ಗಿರಿಜಾ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಪರೀಕ್ಷೆಯ ಕೊಠಡಿಯಲ್ಲಿ ಯಾವ ಹುಡುಗನ ಸಾಕ್ಸಿನೊಳಗೆ ಚೀಟಿ ಇದೆ ಎಂಬುದು ಅವಳಿಗೆ ಆ ಹುಡುಗನ ಕಿವಿ ನೋಡಿದರೇ ತಿಳಿಯುತ್ತದಂತೆ. ಅಂಥವಳ ಜೊತೆ ಒಂದೇ ಬೀರುವನ್ನು ಹಂಚಿಕೊಂಡು ಬಾಳುವುದು ಎಂಥ ಕಷ್ಟ ಎಂದು ಓದುಗರು ಊಹಿಸಬೇಕು. ನನ್ನ ಅಂಗಿಗಳು ಮೊದಲು ಒಂದು ಅರೆಯಲ್ಲಿದ್ದವು. ಆಮೇಲೆ ಮೇಲಿನ ಅರೆಗೆ ಹಬ್ಬಿದವು. ಕೊನೆಗೆ ಅವಳ ಸೀರೆಗಳು ಮಂಚದ ಕೆಳಗಿನ ಸೂಟ್‌ಕೇಸಿಗೆ ಹೋದವು. ಕಳೆದ ಯುಗಾದಿಯ ಮರುದಿನ, ಶಾಲೆಯ ಸಮಾರಂಭಕ್ಕೆ ಹೊರಟಿದ್ದ ಅವಳು ಸೂಟ್‌ಕೇಸಿನಿಂದ ರೇಷ್ಮೆ ಸೀರೆ ತೆಗೆದರೆ ಅದರ ಮಡಿಕೆಯಲ್ಲಿ ಇಲಿ ಕಡಿದಿತ್ತು. ಅವಳ ತಾಯಿ ಉಟ್ಟಿದ್ದ ಸೀರೆ ಅದು. ಅವಳು ಕೂಗಾಡಲಿಲ್ಲ. ಸೀರೆಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು, ತರಗತಿಯಲ್ಲಿ ಪ್ರಮೇಯ ಹೇಳುವ ದನಿಯಲ್ಲಿ ಹೇಳಿದಳು. "ಇನ್ನೊಂದು ಹೊಸ ಅಂಗಿ ಈ ಮನೆ ಹೊಸ್ತಿಲು ದಾಟಿದ್ರೆ ನಿಮ್ಮ ಏಟಿಎಂ ಕಾರ್ಡು ನನ್ನ ಬ್ಯಾಗಿಗೆ ಬರುತ್ತೆ. ಫೋನಲ್ಲಿ ದುಡ್ಡು ಕಳ್ಸೋದೂ ಬಂದ್. ದಿನಾ ಬೆಳಿಗ್ಗೆ ಬಸ್ ಚಾರ್ಜು ಇಸ್ಕೊಂಡು ಹೋಗಿ."

"ಆಗ್ಲಿ, ಇನ್ನು ತಗೊಳ್ಳಲ್ಲ" ಎಂದೆ.

"ಎಲ್ಲೀ ತಂಕ ಅಂತ ಹೇಳಿ."

"ಮುಂದಿನ ಯುಗಾದಿ ತಂಕ."

ನನ್ನ ವಯಸ್ಸಿನ ಗಂಡಸೊಬ್ಬ, ಊರಿನ ಆಗುಹೋಗುಗಳನ್ನೆಲ್ಲ ಪ್ರಶ್ನಿಸುವವನು, ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಸ್ ಚಾರ್ಜು ಕೇಳುವ ಚಿತ್ರ ಕಣ್ಣಮುಂದೆ ಬಂತು. ಚಿರತೆಯ ಹೊಲದಲ್ಲಿ ಆಗದ ನಡುಕ ಆಗ ಆಯಿತು. ಅಂದಿನಿಂದ ನಾನು ಶಿಸ್ತಿನ ಮನುಷ್ಯನಾದೆ. ಬಟ್ಟೆ ಅಂಗಡಿ ಎಡಕ್ಕಿದ್ದರೆ ಬಲಗಡೆ ನಡೆದೆ. ಎರಡೂ ಕಡೆ ಇದ್ದರೆ ನೆಲ ನೋಡಿ ನಡೆದೆ. ಮೊಬೈಲಿನಿಂದ ಬಟ್ಟೆ ಮಾರುವ ಆ್ಯಪುಗಳನ್ನೆಲ್ಲ ತೆಗೆದುಹಾಕಿದೆ. ನಾನು ಮರೆತರೂ ಮೊಬೈಲು ಮರೆಯಲಿಲ್ಲ. ಅಡಿಕೆ ಧಾರಣೆ ನೋಡಲು ತೆರೆದರೆ ಪಕ್ಕದಲ್ಲೇ ಒಂದು ನೀಲಿ ಅಂಗಿ ತೋಳು ಬೀಸುತ್ತಿತ್ತು. ಸಾವಿನ ಸುದ್ದಿ ಓದುವಾಗಲೂ ಬರುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು ಓದಿದೆ.

ತಪ್ಪಿದ್ದು ತರೀಕೆರೆಯಲ್ಲಿ. ಅಂದು ಹೋಗಿದ್ದ ಸಭೆ ಮಧ್ಯಾಹ್ನಕ್ಕೆ ಮುಂದೆ ಹೋಯಿತು. ಬಿಸಿಲು ಸುಡುತ್ತಿತ್ತು. ಅಂಗಡಿಯ ಯಜಮಾನರು ಹಳೆಯ ಪರಿಚಯ, ಕರೆದರು, ಕೂರಿಸಿದರು, ನೀರು ಕೊಟ್ಟರು. ನನ್ನ ವ್ರತದ ವಿಷಯ ಹೇಳಿ, ಏನನ್ನೂ ತೋರಿಸಬೇಡಿ ಎಂದು ಮೊದಲೇ ಕೇಳಿಕೊಂಡೆ. "ಛೇ, ತಗೊಳ್ಳೋದ್ ಬ್ಯಾಡ ಬಿಡಿ ಸಾರ್. ಸುಮ್ನೆ ಒಂದ್ಸಲ ಮುಟ್ಟಿ ನೋಡಿ" ಎಂದು ಲಿನನ್ ಬಟ್ಟೆಯ ಸುರುಳಿಯೊಂದನ್ನು ಗಾಜಿನ ಮೇಲೆ ಹಾಸಿದರು. ಮಳೆ ಬರುವ ಮುಂಚಿನ ಆಕಾಶದ ಬಣ್ಣ. ನಾನು ಮುಟ್ಟಿದೆ. ಆಮೇಲೆ ಏನಾಯಿತು ಎಂಬ ಬಗ್ಗೆ ನನ್ನ ಬಳಿ ಖಚಿತ ಮಾಹಿತಿ ಇಲ್ಲ. ಅಂಗಿಗೆ ಬೇಕಾದಷ್ಟು ಕತ್ತರಿಸಿದ ಬಟ್ಟೆ ನನ್ನ ಚೀಲದಲ್ಲಿತ್ತು, ನಾನು ಕಡೂರಿನ ಬಸ್ಸಿನಲ್ಲಿದ್ದೆ. ಫೋನಿನಲ್ಲಿ ಗುರುತು ಉಳಿಯದಂತೆ ನಗದು ಕೊಟ್ಟಿದ್ದೆ. ಅಂದರೆ ಬುದ್ಧಿ ಪೂರ್ತಿ ಕೆಟ್ಟಿರಲಿಲ್ಲ ಎಂದಾಯಿತು. ಬೀರೂರು ದಾಟಿದ ಮೇಲೆ ಆ ಚೀಲ ತೊಡೆಯ ಮೇಲೆ ಬಿಸಿಯಾಗತೊಡಗಿತು. ಯಾರದೋ ಮಗುವನ್ನು ಎತ್ತಿಕೊಂಡು ಬಂದವನ ಹಾಗೆ ಹಿಂದೆ ಮುಂದೆ ನೋಡುತ್ತ ಕೂತೆ.

ಇಲ್ಲಿ ನಮ್ಮ ಕಡೆಯ ಮುಯ್ಯಿ ಪೆಟ್ಟಿಗೆಯ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮಲ್ಲಿ ಗೃಹಪ್ರವೇಶ, ನಾಮಕರಣ, ಮದುವೆ ಏನೇ ಆಗಲಿ, ಹತ್ತಿರದ ನೆಂಟರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಹೆಂಗಸರಿಗೆ ಸೀರೆಯೋ ರವಿಕೆ ಕಣವೋ, ಗಂಡಸರಿಗೆ ಅಂಗಿ ಬಟ್ಟೆ. ಹಾಗೆ ಬಂದದ್ದನ್ನು ಯಾರೂ ಹೊಲಿಸುವುದಿಲ್ಲ. ಅದು ಟ್ರಂಕಿನಲ್ಲಿ ಕೂತು, ಮುಂದೆ ನಾವು ಯಾರಿಗೋ ಮುಯ್ಯಿ ಮಾಡಬೇಕಾದಾಗ ಎದ್ದು ಹೊರಡುತ್ತದೆ. ಕೊಡುವವರಿಗೂ ಇದು ಗೊತ್ತು, ಇಸಿದುಕೊಳ್ಳುವವರಿಗೂ ಗೊತ್ತು. ಬಾಯಿಬಿಟ್ಟು ಹೇಳುವುದು ಮಾತ್ರ ಮಹಾ ಅಪರಾಧ. ನಮ್ಮ ಮನೆಯಿಂದ ಒಂದು ನಾಮಕರಣಕ್ಕೆ ಹೋಗಿದ್ದ ಬಿಸ್ಕತ್ತಿನ ಬಣ್ಣದ ಪ್ಯಾಂಟು ಬಟ್ಟೆಯೊಂದು ಕೆಲವು ವರ್ಷಗಳ ನಂತರ ಚೌಳಹಿರಿಯೂರಿನ ಮದುವೆಯೊಂದರಲ್ಲಿ ನಮಗೇ ವಾಪಸು ಬಂತು. ಗಿರಿಜಾ ಅದರ ಮೂಲೆಯ ಕಲೆಯನ್ನು ನೋಡಿ ಗುರುತು ಹಿಡಿದಳು. ದೂರದ ಊರಿಗೆ ಕೊಟ್ಟ ಹೆಣ್ಣುಮಗಳು ತವರಿಗೆ ಬಂದ ಹಾಗೆ ಅದನ್ನು ಒಳಗೆ ಕರೆದುಕೊಂಡೆವು.

ನನ್ನ ಲಿನನ್ನಿಗೆ ಇದಕ್ಕಿಂತ ಒಳ್ಳೆಯ ಅಡಗುತಾಣ ಎಲ್ಲಿದೆ? ಟ್ರಂಕಿನಲ್ಲಿದ್ದ ಒಂದು ಅಂಗಿ ಬಟ್ಟೆಯ ಹಳೆಯ ಕವರನ್ನು ಖಾಲಿ ಮಾಡಿದೆ. ಅದರ ಮೇಲೆ ಯಾರದೋ ಗೃಹಪ್ರವೇಶದ ಕುಂಕುಮ ಮೆತ್ತಿತ್ತು. ಅದರೊಳಗೆ ಲಿನನ್ ಇಟ್ಟೆ, ನಂಬಿಕೆ ಬರಲೆಂದು ಒಂದು ಬಟ್ಟಲಡಿಕೆಯನ್ನೂ ಹಾಕಿದೆ. ಕೆಲವು ತಿಂಗಳು ಕಳೆದ ಮೇಲೆ, ಒಂದು ಭಾನುವಾರ, "ಇದ್ಯಾರು ಕೊಟ್ಟಿದ್ದೇ? ಸುಮ್ನೆ ಬಿದ್ದಿದೆಯಲ್ಲ, ಹೊಲಿಸ್ಕೊಳ್ಳಲಾ?" ಎಂದು ನಿರ್ಲಕ್ಷ್ಯದಿಂದ ಕೇಳುವುದು, ಅವಳು "ಹೂಂ" ಎನ್ನುವುದು. ಇದು ಯೋಜನೆ. ಆ ಮಾತನ್ನು ಕನ್ನಡಿಯ ಮುಂದೆ ಅಭ್ಯಾಸ ಕೂಡ ಮಾಡಿದ್ದೆ.

ಅಷ್ಟರಲ್ಲಿ ಅಜ್ಜಂಪುರದಲ್ಲಿ ನಯನಳ ನಿಶ್ಚಿತಾರ್ಥ ಬಂತು. ನಯನ ಗಿರಿಜಾಳ ಅಣ್ಣ ಶಿವಣ್ಣನ ಮಗಳು. ಶಿವಣ್ಣನಿಗೆ ಅಲ್ಲಿ ಬೀಜ ಗೊಬ್ಬರದ ಅಂಗಡಿ. ನಾಲ್ಕಾರು ಗಂಡುಗಳನ್ನು ಬೇಡವೆಂದಿದ್ದ ನಯನ ಯಗಟಿಯ ಈ ಹುಡುಗನನ್ನು ಮಾತ್ರ ಕಂಡ ದಿನವೇ "ಇವರಾದ್ರೆ ಆಗ್ಲಿ" ಎಂದಿದ್ದಳು. ಹುಡುಗನ ತಂದೆ ಮಹಾಲಿಂಗಪ್ಪನವರು ತೆಂಗಿನ ತೋಟ, ಕುರಿಹಿಂಡು ಎರಡೂ ಇರುವ, ಮಾತು ಕಡಿಮೆಯ ಮನುಷ್ಯ. ಐದಾರು ಜನ ಬರುತ್ತೇವೆ ಎಂದಿದ್ದವರು ಒಂದು ಮಿನಿ ಬಸ್ಸಿನ ತುಂಬ ಬಂದರು. ಗಿರಿಜಾ ಇದನ್ನು ಮೊದಲೇ ಎಣಿಸಿದ್ದಳು. ಹುಡುಗನಿಗೆ, ಅವನ ತಂದೆ ತಾಯಿಗೆ ಶಿವಣ್ಣ ಹೊಸ ಬಟ್ಟೆ ತಂದಿದ್ದ. ಮಿಕ್ಕವರಿಗೆ ಇರಲಿ ಎಂದು ಸೋದರತ್ತೆಯಾದ ಇವಳು ಮುಯ್ಯಿ ಪೆಟ್ಟಿಗೆಯಿಂದ ಒಂದು ಗಂಟು ಕಟ್ಟಿಕೊಂಡು ಬಂದಿದ್ದಳು. ಯಾವಾಗ ಕಟ್ಟಿದಳು ಎಂಬುದು ನನಗೆ ಗೊತ್ತಿಲ್ಲ. ನಾನು ಆ ಹೊತ್ತಿನಲ್ಲಿ ಯಾವುದೋ ಸಭೆಗೆ ಕಾಯುತ್ತಿದ್ದೆ.

ಊಟವಾಯಿತು. ವೀಳ್ಯ ಬದಲಾಯಿಸುವ ಮುಂಚೆ ಗಂಡಿನ ಕಡೆಯವರಿಗೆ ಬಟ್ಟೆ ಕೊಡುವುದು ಅವರ ಪದ್ಧತಿ. ಶಿವಣ್ಣ ಎಲೆ ಅಡಿಕೆ ತೆಂಗಿನಕಾಯಿಯ ತಟ್ಟೆಯಲ್ಲಿ ಮಹಾಲಿಂಗಪ್ಪನವರಿಗೆ ಅವರ ಬಟ್ಟೆ ಕೊಟ್ಟ. ಎರಡನೆಯ ತಟ್ಟೆ ಅವರ ತಮ್ಮ ಸೋಮಣ್ಣನಿಗೆ. ಆ ತಟ್ಟೆಯ ಮೇಲೆ ಕುಂಕುಮ ಮೆತ್ತಿದ ಕವರನ್ನು ಕಂಡೆ. ಅವಘಡ ನಡೆಯುವುದಕ್ಕೆ ಮುಂಚೆಯೇ ಸ್ಥಳದಲ್ಲಿದ್ದು ಅದನ್ನು ಖಚಿತಪಡಿಸಿಕೊಂಡ ವರದಿಗಾರ ಬಹುಶಃ ನಾನೊಬ್ಬನೇ. ಸೋಮಣ್ಣ ಉತ್ಸಾಹದ ಮನುಷ್ಯ, ಅಲ್ಲೇ ಕವರು ಬಿಚ್ಚಿದ. ನಾನು ಹಾಕಿದ್ದ ಬಟ್ಟಲಡಿಕೆ ತಟ್ಟೆಗೆ ಉರುಳಿತು. ಹೆಬ್ಬೆರಳು ತೋರುಬೆರಳ ನಡುವೆ ಬಟ್ಟೆ ಉಜ್ಜಿದ. "ಅಣ್ಣಯ್ಯ, ಇದ್ನ ಒಸಿ ಮುಟ್ಟಿ ನೋಡು. ಬಾವಿ ನೀರಿದ್ದಂಗೆ ತಣ್ಣಗೈತೆ" ಎಂದ. ಮಹಾಲಿಂಗಪ್ಪನವರು ಮುಟ್ಟಿ ನೋಡಿದರು. ಆಮೇಲೆ ತಮ್ಮ ಬಟ್ಟೆಯನ್ನು ಮುಟ್ಟಿ ನೋಡಿದರು. ಮತ್ತೆ ಅದನ್ನು, ಮತ್ತೆ ಇದನ್ನು. ನಂತರ ತಮ್ಮ ಬಟ್ಟೆಯನ್ನು ಮೆಲ್ಲಗೆ ಜಮಖಾನದ ಮೇಲಿಟ್ಟರು.

"ಶಿವಣ್ಣಾರೇ, ನಮ್ಮನೇಲಿ ಹಿರೇರು ಯಾರು ಅಂತ ನಿಮ್ಗೆ ಯಾರಾದ್ರೂ ತಪ್ ಹೇಳಿದ್ರಾ?"

ನಮ್ಮ ಕಡೆ ಊಟದಲ್ಲಿ ಉಪ್ಪು ಹೆಚ್ಚಾದರೆ ಕ್ಷಮೆಯಿದೆ. ಹಿರಿಯನಿಗಿಂತ ಕಿರಿಯನಿಗೆ ಒಳ್ಳೆಯ ಬಟ್ಟೆ ಕೊಟ್ಟರೆ ಅದು ಬಟ್ಟೆಯ ವಿಷಯವಾಗಿ ಉಳಿಯುವುದಿಲ್ಲ. ಶಿವಣ್ಣ ಏನೂ ಅರ್ಥವಾಗದೆ ನಿಂತ. ಹಿಂದಿನಿಂದ ಯಾರೋ ಹೆಂಗಸು, "ಈಗ್ಲೇ ಹಿಂಗಾದ್ರೆ ಮುಂದೆ ಹೆಂಗೋ" ಎಂದಳು. ಮಹಾಲಿಂಗಪ್ಪನವರು ಶಲ್ಯ ಸರಿ ಮಾಡಿಕೊಂಡು, "ವೀಳ್ಯ ತಡೀಲಿ ಬಿಡಿ. ಊರಿಗೋಗಿ ಮಾತಾಡ್ಕಂಡು ತಿಳಿಸ್ತೀವಿ" ಎಂದರು. ಊರಿಗೆ ಹೋಗಿ ತಿಳಿಸುತ್ತೇವೆ ಎಂದವರು ತಿಳಿಸಿದ ಉದಾಹರಣೆ ನಮ್ಮ ಮೂರು ತಾಲ್ಲೂಕುಗಳಲ್ಲೂ ಇಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಯನ ಚೌಕಟ್ಟು ಹಿಡಿದುಕೊಂಡಳು. ಹುಡುಗ ತಲೆ ಎತ್ತಲಿಲ್ಲ.

ಶಿವಣ್ಣನ ಹೆಂಡತಿ ಗಿರಿಜಾಳ ಕಿವಿಯಲ್ಲಿ, "ಗಂಟು ಕಟ್ಟಿದ್ದು ನೀನೇ ಅಲ್ವೇನೇ?" ಎಂದಳು.

"ನಾನು ತಂದಿದ್ರಲ್ಲಿ ಇಂಥದ್ದು ಇರ್ಲಿಲ್ಲ ಅತ್ತಿಗೆ. ನನ್ನಾಣೆಗೂ ಇರ್ಲಿಲ್ಲ" ಎಂದಳು ಗಿರಿಜಾ. ಅವಳ ದನಿ ನಡುಗಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

ಪರಿಸ್ಥಿತಿ ಹೀಗಿತ್ತು. ಸುಮ್ಮನಿದ್ದರೆ ನಯನಳ ಸಂಬಂಧ ಮುರಿಯುತ್ತದೆ, ಅಪವಾದ ಗಿರಿಜಾಳ ತಲೆಗೆ ಬರುತ್ತದೆ. ಎಲ್ಲವನ್ನೂ ಹೇಳಿದರೆ, ಬೀಗರಿಗೆ ತಂದ ಮಿಕ್ಕ ಬಟ್ಟೆಗಳೆಲ್ಲ ಮುಯ್ಯಿ ಪೆಟ್ಟಿಗೆಯವು ಎಂಬುದೂ ಹೊರಬಂದು, ಮುರಿಯಬೇಕಾದ್ದು ಇನ್ನೂ ಬೇಗ ಮುರಿಯುತ್ತದೆ. ನಿಜದಲ್ಲಿ ಎಷ್ಟು ಬೇಕೋ ಅಷ್ಟನ್ನೇ ಹೇಳಿ ನಿಲ್ಲಿಸಬೇಕು. ಆ ಕಲೆ ನನಗೆ ಗೊತ್ತು, ಅದರಿಂದಲೇ ಅನ್ನ ತಿನ್ನುತ್ತೇನೆ. ಗೋಡೆ ಹಿಡಿದು ಎದ್ದೆ.

"ಅದು ನನ್ನ ಬಟ್ಟೆ" ಎಂದೆ.

ಮಹಾಲಿಂಗಪ್ಪನವರು ತಿರುಗಿದರು. "ಯಾವ್ದು?"

"ನಿಮ್ಮ ತಮ್ಮನ ಕೈಲಿರೋದು. ತರೀಕೆರೇಲಿ ನನಗೇ ಅಂತ ತಗೊಂಡಿದ್ದೆ. ತಪ್ಪಿ ಈ ಗಂಟಿಗೆ ಸೇರಿದೆ. ಶಿವಣ್ಣಂಗೂ ಗೊತ್ತಿಲ್ಲ, ಇವಳಿಗೂ ಗೊತ್ತಿಲ್ಲ."

"ನಿಮ್ ಅಂಗಿ ಬಟ್ಟೆ ಈ ಗಂಟಿಗೆ ಹೆಂಗ್ ಬಂತು?"

"ಇವಳು ಕೊಡೋಕೆ ಅಂತ ಎತ್ತಿಟ್ಟಿದ್ದ ಬಟ್ಟೆ ಜೊತೆ ನಾನೇ ಇಟ್ಟಿದ್ದೆ."

"ಅಲ್ಲಿ ಯಾಕ್ ಇಟ್ರಿ?"

ವರದಿಗಾರನಾಗಿ ನಾನು ಮೆಚ್ಚಬೇಕಾದ ಪ್ರಶ್ನೆ ಅದು. ಸುತ್ತ ನೋಡಿದೆ. ಇಡೀ ಮಿನಿ ಬಸ್ಸು ನನ್ನನ್ನು ನೋಡುತ್ತಿತ್ತು. ಗಿರಿಜಾ ನನ್ನ ಕಿವಿಯನ್ನು ನೋಡುತ್ತಿದ್ದಳು.

"ಇವಳಿಗೆ ಗೊತ್ತಾಗ್ಬಾರ್ದು ಅಂತ" ಎಂದೆ.

ಮೊದಲು ಸದ್ದು ಬಂದದ್ದು ಮಹಾಲಿಂಗಪ್ಪನವರ ಹೆಂಡತಿ ಪಾರ್ವತಮ್ಮನವರ ಕಡೆಯಿಂದ. ಸೆರಗು ಬಾಯಿಗೆ ಒತ್ತಿಕೊಂಡಿದ್ದರೂ ನಗು ತಡೆಯಲಿಲ್ಲ. "ಅಣ್ಣಯ್ಯ, ಊರಿಗೆಲ್ಲ ಬುದ್ಧಿ ಹೇಳಿ ಪೇಪರ್‌ನಾಗೆ ಬರಿಯೋರು, ನಿಮ್ಗೂ ಹೆಂಡ್ರು ಕಂಡ್ರೆ ಭಯವಾ?" ಎಂದರು. ಮಹಾಲಿಂಗಪ್ಪನವರ ಭುಜ ಅಲ್ಲಾಡಿತು. ಆಮೇಲೆ ಹೊಟ್ಟೆ. ಆಮೇಲೆ ಅವರ ಹಿಂದಿದ್ದ ಸಾಲೆಲ್ಲ ನಕ್ಕಿತು. ಸೋಮಣ್ಣ ಬಟ್ಟೆಯನ್ನು ನನ್ನ ಕಡೆ ಚಾಚಿ, "ತಗಳ್ಳಿ ಸಾರ್, ನಿಮ್ ಮಾಲು" ಎಂದ. ಕೊಟ್ಟ ಬಟ್ಟೆಯನ್ನು ವಾಪಸು ಪಡೆಯುವುದುಂಟೇ? ಬೇಡವೆಂದೆ. "ಹಂಗಾರೆ ನಂಗಿರ್ಲಿ ಬಿಡು, ದೊಡ್ಡೋನು ನಾನು" ಎಂದು ಮಹಾಲಿಂಗಪ್ಪನವರು ಅದನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ತಮ್ಮದನ್ನು ತಮ್ಮನಿಗೆ ದಾಟಿಸಿದರು. ವೀಳ್ಯ ಬದಲಾಯಿತು. ನಯನ ಒಳಗೆ ಹೋಗಿ ಅತ್ತಳು ಎಂದು ಆಮೇಲೆ ತಿಳಿಯಿತು.

ಕಡೂರಿಗೆ ವಾಪಸು ಬರುವ ದಾರಿಯುದ್ದಕ್ಕೂ ಗಿರಿಜಾ ನಯನಳ ಮದುವೆಯ ಮಾತನ್ನಷ್ಟೇ ಆಡಿದಳು. ಬೈದಿದ್ದರೆ ಎಷ್ಟೋ ಧೈರ್ಯವಿರುತ್ತಿತ್ತು. ಮನೆಯ ಬಾಗಿಲು ತೆರೆಯುವ ಮುಂಚೆಯೇ ನಾನೇ ಕಾರ್ಡು ತೆಗೆದು ಕೊಟ್ಟೆ. ಅವಳು ಅದನ್ನು ಬ್ಯಾಗಿಗೆ ಹಾಕಿಕೊಂಡು, "ನಯನಂಗೋಸ್ಕರ ಎದ್ದು ನಿಂತ್ರಲ್ಲ, ಅದಕ್ಕೆ ಬೈಯಲ್ಲ. ಬಟ್ಟಲಡಿಕೆ ಹಾಕಿದ್ರಲ್ಲ, ಅದನ್ನ ಮಾತ್ರ ಮರೆಯಲ್ಲ" ಎಂದಳು. ಮರುದಿನ ಬೆಳಿಗ್ಗೆ ಟೇಬಲ್ಲಿನ ಮೇಲೆ ಬಸ್ ಚಾರ್ಜು ಇತ್ತು. ಚಹಾಕ್ಕೆ ಬೇರೆಯಾಗಿ ಇತ್ತು.

ಕೈಯಲ್ಲಿ ಕಾಸಿಲ್ಲದವನಿಗೆ ಚಟವಿಲ್ಲ ಎಂದು ನೆಮ್ಮದಿಯಾಗಿದ್ದೆ. ಮದುವೆಗೆ ಕೆಲವು ವಾರ ಇರುವಾಗ ಮಹಾಲಿಂಗಪ್ಪನವರ ಫೋನು ಬಂತು. ದನಿ ತಗ್ಗಿತ್ತು. "ಬೀಗ್ರೇ, ಆ ಬಟ್ಟೆ ಹೊಲಿಸ್ದೆ. ಮೈಮೇಲೆ ಇರೋದೇ ಗೊತ್ತಾಗಾಕಿಲ್ಲ ಕಣ್ರೀ. ಅಂಗಡಿ ಯಾವ್ದು? ಬ್ಯಾರೆ ಬಣ್ಣ ಐತಾ? ನೀವೂ ಜೊತೇಲಿ ಬನ್ನಿ." ಬೀಗರು ಕರೆದರೆ ಹೋಗದಿರುವುದು ಅಗೌರವ. ತರೀಕೆರೆಯ ಅಂಗಡಿಯಲ್ಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಅವರು ತಮಗೆ ಬೇಕಾದ್ದನ್ನು ಆರಿಸಿಕೊಂಡು, ಹೊರಡುವಾಗ ಒಂದು ನೀಲಿ ತುಂಡನ್ನು ನನ್ನ ಚೀಲಕ್ಕೆ ತುರುಕಿದರು. "ಬ್ಯಾಡ ಅನ್ನಬ್ಯಾಡಿ. ರುಚಿ ಹತ್ತಿಸ್ದೋರು ನೀವೇ."

ಈ ಸಲ ಬಚ್ಚಿಡಲಿಲ್ಲ. ನೇರವಾಗಿ ಗಿರಿಜಾಳ ಕೈಗೆ ಕೊಟ್ಟು, ಬೀಗರು ಕೊಡಿಸಿದರು ಎಂದೆ. ಬದುಕಿನಲ್ಲಿ ಬಟ್ಟೆಯ ವಿಷಯವಾಗಿ ನಾನಾಗಿಯೇ ಅವಳಿಗೆ ಹೇಳಿದ ಮೊದಲ ಸತ್ಯ ಅದು. ಅವಳು ಬಟ್ಟೆ ನೋಡಿದಳು, ನನ್ನನ್ನು ನೋಡಿದಳು, ಫೋನು ತೆಗೆದು ಸ್ಪೀಕರಿಗೆ ಹಾಕಿ ಯಗಟಿಗೆ ಮಾಡಿದಳು. ಪಾರ್ವತಮ್ಮನವರು ಎತ್ತಿದರು.

"ನಮ್ಮೆಜಮಾನ್ರಾ? ತರೀಕೆರೆಗೆ ಯಾಕ್ ಹೋಗ್ತಾರೆ ತಂಗಿ? ಟಗರು ನೋಡ್ಕಂಡ್ ಬತ್ತೀನಿ ಅಂತ ಬೀರೂರಿಗೆ ಹೋಗಿದ್ರು. ಈಗ್ ಬಂದ್ರು. ಟಗರು ಸರಿ ಇರ್ಲಿಲ್ವಂತೆ." ಆಮೇಲೆ ದನಿ ಬೇರೆಯಾಯಿತು. "ಅಣ್ಣಯ್ಯಂಗೆ ಕೊಡು ಫೋನ."

ಗಿರಿಜಾ ಫೋನನ್ನು ನನ್ನ ಮುಂದೆ ಹಿಡಿದಳು.

"ಅಣ್ಣಯ್ಯ, ದಿಟ ಹೇಳಿ. ನಮ್ಮೋರು ಇವತ್ತು ನಿಮ್ ಜೊತೆ ಇದ್ರಾ?"

ಇಷ್ಟು ವರ್ಷ ಇಂಥದ್ದೇ ಪ್ರಶ್ನೆಗಳನ್ನು ಊರಿನ ಅಧಿಕಾರಸ್ಥರಿಗೆ ಕೇಳುತ್ತ ಬಂದಿದ್ದೇನೆ. ಅವರೆಲ್ಲ ಕೊಡುತ್ತಿದ್ದ ಉತ್ತರವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಓದುಗರು ನಗಲಿ ಎಂದು ಹಾಗೆಯೇ ಅಚ್ಚು ಮಾಡಿಸಿದ್ದೇನೆ. ಅವರು ಎಷ್ಟು ಹೆದರಿರುತ್ತಿದ್ದರು ಎಂಬುದು ಅಂದು ಅರ್ಥವಾಯಿತು.

"ಈ ಬಗ್ಗೆ ಪರಿಶೀಲಿಸಿ ತಿಳಿಸ್ತೀನಿ ತಾಯಿ" ಎಂದೆ.